ಪುಟ್ಮಾದನ ಚೂಪು ಮೂಲೆ

ಲೇ ಲಚ್ಚಿ, ಈ ಕತೆ ಸುಳ್ಳು ಅಂತ ಹೇಳು ನೋಡೋಣ, ತಾಕತ್ತಿದ್ರೆ! ನಮ್ಮಜ್ಜಿ ಹೇಳಿದ್ದು ಇದು. ಅವಳಿಗಿಂತ ನಿಮ್ಮ ಮಾವ ನಾನೇ ಚೆಂದ ಹೇಳ್ತೀನಿ ಅಂತ ಊರೇ ಒಪ್ಕೊಂಡಿದೆ. ಕಣ್ಣು ಮುಚ್ಚು, ಕಿವಿ ತೆರ್ಕೊಂಡಿರು.

ಒಂದಾನೊಂದು ಕಾಲ, ನಮ್ಮೂರಿಗೆ ಇನ್ನೂ ಹೆಸರೇ ಇಟ್ಟಿರಲಿಲ್ವಂತೆ. ಆಗ ನಂಜಯ್ಯ ಅನ್ನೋ ಮುದುಕ ಮೂರು ಗಂಡುಮಕ್ಕಳಿಗೆ ಹೊಲ ಹಂಚಿದನಂತೆ, ಅಳತೆಯಲ್ಲಿ ಮೂರೂ ಸಮ. ಹಿರಿಯ ಕೆಂಚಪ್ಪನಿಗೆ ಮೂರು ಮೂಲೆ ಹೊಲ, ಮೂರೂ ಚೂಪು. ನಡುವಲ ಬೋಳಯ್ಯನಿಗೆ ಗಾಳಿಪಟದಂಥ ಹೊಲ, ಎರಡು ಮೂಲೆ ಚೂಪು, ಎರಡು ಮೊಂಡು. ಕಿರಿಯ ಪುಟ್ಮಾದನಿಗೆ ಚೌಕ, ಮಣೆ ಇದ್ದ ಹಾಗೆ, ಒಂದು ಮೂಲೇನೂ ಚೂಪಿಲ್ಲ.

ಚೂಪು ಮೂಲೆ ಒಳಕ್ಕೆ ಎತ್ತು ತಿರುಗಲ್ಲ, ನೇಗಿಲು ಮುಟ್ಟಲ್ಲ. ಹಂಗಾಗಿ ಅಲ್ಲಿ ಬೋರೆ ಗಿಡ ತಾನಾಗೇ ಹುಟ್ಕೊಂತಂತೆ, ಆಮೇಲೆ ಗಿಡದಲ್ಲಿ ಕೋಲ್ಜೇನು ಕಟ್ತಂತೆ. ಅಣ್ಣಂದಿರು ಉತ್ತು ದಣಿದು ಮೂಲೇಲಿ ಕೂತು ಜೇನು ನೆಕ್ಕೋರು, ಪುಟ್ಮಾದ ಬದುವಿನ ಈಚೆ ನಿಂತು ನೋಡೋನು. ಹೊಟ್ಟೆಯೊಳಗೆ ಹಸಿಮೆಣಸಿನಕಾಯಿ ಅರೆದಂಗಾಗೋದಂತೆ. ಉಳೋಕೆ ನಿಂದೇ ಸುಖವಾದ ಹೊಲ ಕಣಪ್ಪಾ ಅಂತ ಅಣ್ಣಂದಿರು ಅಂದ್ರೆ, ಸುಖ ಯಾರಿಗೆ ಬೇಕು, ನಂಗೆ ಚೂಪು ಮೂಲೆ ಬೇಕು ಅನ್ನೋನು.

ಆಮೇಲೆ ಒಂದಿನ, ಕೀಲು ಸಡಿಲಾದ ಮಂಚ ವಾಲುತ್ತಲ್ಲ, ಹಂಗೆ ತನ್ನ ಚೌಕವನ್ನ ಒಂದು ಕಡೆಗೆ ವಾಲಿಸಿ ಬದು ಹಾಕಿದನಂತೆ. ಎರಡು ಮೂಲೆ ಚೂಪಾಯ್ತು, ನಿಜ. ಆದರೆ ಬದು ಬೋಳಯ್ಯನ ರಾಗಿ ಮೇಲೆ ಕೂತಿತ್ತು. ಬೋಳಯ್ಯ ಬಂದು, ಏನ್ಲಾ, ನಿನ್ನ ಮೂಲೆ ಚೂಪಾಗೋಕೆ ನನ್ನ ರಾಗಿ ಸಾಯ್ಬೇಕೇನ್ಲಾ ಅಂತ ಬದುವನ್ನ ಒದ್ದು ಒಡೆದನಂತೆ.

ಆಮೇಲೆ ಪುಟ್ಮಾದ ತನ್ನ ಹೊಲದ್ದೇ ಒಂದು ಮೂಲೆಗೆ ಅಡ್ಡ ಬದು ಹಾಕಿ ಕತ್ತರಿಸಿದನಂತೆ. ನೋಡಿದ್ರೆ ಹೊಲದಲ್ಲಿ ಒಂದು ಮೂಲೆ ಹೋಗಿ ಎರಡಾಗಿತ್ತು, ಎರಡೂ ಮೊದಲಿಗಿಂತ ಮೊಂಡು! ಕೆಂಚಪ್ಪ ಬಿದ್ದು ಬಿದ್ದು ನಕ್ಕನಂತೆ. ಆದರೆ ಪುಟ್ಮಾದ ಕತ್ತರಿಸಿದ ಚೂರನ್ನ ನೋಡಿದ. ಒಂದು ಕೋಳಿ ಮಲಗೋಕೂ ಸಾಲದ ಚೂರು, ಅದರಲ್ಲಿ ಎರಡು ಚೂಪು ಮೂಲೆ!

ಆಮೇಲೆ ಕೇಳು, ಆ ಬದು ಕಿತ್ತು, ಈ ಮೂಲೆಯಿಂದ ಎದುರು ಮೂಲೆಗೆ ಹೊಲದ ನಡುವೇನೇ ಓರೆ ಬದು ಎಳೆದನಂತೆ. ಎರಡು ತುಂಡು, ತುಂಡಿಗೆ ಎರಡು ಚೂಪು, ಒಟ್ಟು ನಾಲ್ಕು! ದೊಡ್ಡಣ್ಣನಿಗಿಂತ ಒಂದು ಜಾಸ್ತಿ ಅಂತ ಬದು ಮೇಲೆ ಕುಣಿದನಂತೆ. ಮಳೆ ಬಂತು, ಎತ್ತು ಹೂಡಿದ. ಮೂಲೆಗೆ ಹೋದ ಎತ್ತು ತಿರುಗಲಾರದೆ ಮೂತಿ ಬದುವಿಗಿಟ್ಟು ನಿಂತುಬಿಡ್ತು, ನೇಗಿಲು ಲಟಕ್ಕಂತ ಮುರೀತು. ಬದು ಒಡೀಲಾ ಅಪ್ಪಾ ಅಂದ. ನಂಜಯ್ಯ, ಒಡೆದ್ರೆ ಕಾಲು ಮುರೀತೀನಿ, ಬೇಕು ಅಂದಿದ್ದು ಸಿಕ್ತಲ್ಲ, ಈಗ ಅನುಭವಿಸು ಅಂತ ಒಂದು ಗುದ್ದಲಿ ಕೈಗಿಟ್ಟನಂತೆ.

ಪುಟ್ಮಾದ ಬಯ್ಕೊಂಡು ಬಯ್ಕೊಂಡು ನಾಲ್ಕು ಮೂಲೇನೂ ಅಗೆದನಂತೆ. ಕೈಗೆ ಬೊಬ್ಬೆ ಬಂತು, ಬಿಡಲಿಲ್ಲ. ಅಣ್ಣಂದಿರ ಜೇನು ನೆನೆದಷ್ಟೂ ಗುದ್ದಲಿ ಆಳಕ್ಕಿಳಿಯೋದು. ಆಮೇಲೆ ಕುಂಬಳ ಬೀಜ ಊರಿದ. ಅಷ್ಟು ಆಳ ಅಗೆದ ಮಣ್ಣು ಆ ಊರು ಕಂಡೇ ಇರಲಿಲ್ಲ. ಬಳ್ಳಿ ಓರೆ ಬದುವಿಗೆಲ್ಲಾ ಹಬ್ಬಿ, ಒಂದೊಂದು ಕಾಯಿ ಹೊರೋಕೆ ಇಬ್ಬಿಬ್ಬರು ಬೇಕಾಯ್ತಂತೆ.

ಈಗ ಹೊಟ್ಟೆ ಉರಿ ಯಾರಿಗೆ? ಅಣ್ಣಂದಿರಿಗೆ! ಅಪ್ಪಾ, ಇವನಿಗೆ ಮಾತ್ರ ಕದ್ದುಮುಚ್ಚಿ ಏನು ಕೊಟ್ಟೆ, ಹೊಲ ಮತ್ತೆ ಹಂಚು ಅಂತ ಜಗಳಕ್ಕೆ ನಿಂತರಂತೆ. ನಂಜಯ್ಯ ಎಲೆ ಅಡಿಕೆ ಉಗಿದು, ಹಂಚಲ್ಲ ಕಣ್ರೋ, ಅವನ ಕುಂಬಳ ನೀವು ತಿನ್ನಿ, ನಿಮ್ಮ ಜೇನು ಅವನಿಗೆ ಕೊಡಿ ಅಂದನಂತೆ. ಅವತ್ತು ಮೂವರೂ ಒಂದೇ ಬೋರೆ ಗಿಡದ ಕೆಳಗೆ ಕೂತು ಉಂಡರಂತೆ.

ನಾನು ಆ ಪುಟ್ಮಾದನ ವಂಶದವನು, ಅದಕ್ಕೇ ಇಷ್ಟು ಜೋರು! ಕತೆ ಬದು ದಾಟಿ ಮನೆಗೆ ಹೋಯ್ತು, ಮಲಗು. ಏನು, ಪುಟ್ಮಾದನಿಗೆ ಅಪ್ಪ ಕದ್ದುಮುಚ್ಚಿ ಕೊಟ್ಟಿದ್ದು ಏನು ಅಂತೀಯಾ?

ಒಂದು ಗುದ್ದಲಿ.