"ಬೇಕು" ಅನ್ನೋ ಕಡೆಯ ಚಪ್ಪರ

"ಬುದ್ದಿ, ಅವನಿಗೂ ಒಂದೇ ಓಟು, ನನಗೂ ಒಂದೇ ಓಟು. ಊರೆಲ್ಲ ಯಾಕೆ ಅವನ ಹಿಂದೆ ಹೋಗುತ್ತೆ?"

ಹೀಗೆ ಕೇಳಿದೋನು ದೊರೆಸ್ವಾಮಿ, ಮಠದ ಹಳೇ ಶಿಷ್ಯ. ಪಂಚಾಯ್ತಿ ಎಲೆಕ್ಷನ್ನಿಗೆ ನಿಂತು, ಕಲ್ಲುಕ್ವಾರಿ ಮಾಲೀಕನ ಎದುರು ಸೋತು, ನೆಟ್ಟಗೆ ಸ್ವಾಮಿಗಳ ಹತ್ರ ಬಂದಿದ್ದ. ಆ ಕ್ವಾರಿಯೋನು ಊರೋರನ್ನೆಲ್ಲ ಬಸ್ಸು ಮಾಡಿ ಯಾತ್ರೆಗೆ ಕಳಿಸಿದ್ದ, ಬೀದಿಬೀದೀಲಿ ಶಾಮಿಯಾನ ಹಾಕಿಸಿ ಊಟ ಬಡಿಸಿದ್ದ.

"ಮುಂದಿನ ಸಲಕ್ಕೆ ನಾನೂ ಕಾಲುವೆ ಪಕ್ಕದ ಗದ್ದೆ ಮಾರಿಬಿಡ್ತೀನಿ ಬುದ್ದಿ. ಅವನು ಒಂದು ಬಸ್ಸು ಕಳಿಸಿದ್ರೆ ನಾನು ಎರಡು ಕಳಿಸ್ತೀನಿ. ನಿಮ್ಮ ಆಶೀರ್ವಾದ ಒಂದಿರ್ಲಿ."

"ಆಶೀರ್ವಾದ ಆಮೇಲೆ. ಮೊದಲು ಒಂದು ಕತೆ ಕೇಳು," ಅಂದ್ರು ಬುದ್ದಿಯೋರು, ಕಾಲು ನೀಡ್ಕೊಂಡು. ಬುದ್ದಿಯೋರ ಕತೆ ಎಂಥದ್ದು ಅಂತ ಮಠದಲ್ಲಿ ಎಲ್ಲರಿಗೂ ಗೊತ್ತು. ಹೇಳ್ತಾ ಹೇಳ್ತಾ ಅದರೊಳಗಿನ ಬೆಕ್ಕು ಹುಲಿ ಆಗಿರುತ್ತೆ.

ಒಂದು ಹೊಳೆ. ಹೊಳೆ ದಡದಲ್ಲಿ ಒಂದು ಊರು. ಆ ಊರಿಗೆ ರಾಜನೂ ಇಲ್ಲ, ಪಾಳೇಗಾರನೂ ಇಲ್ಲ. ಏನೇ ವಿಷಯ ಇದ್ರೂ ಎಲ್ಲರೂ ಸೇರಿ ತೀರ್ಮಾನ ಮಾಡೋರು. ಹೆಂಗೆ ಅಂದ್ರೆ, ಊರ ಮುಂದಿನ ಬಯಲಲ್ಲಿ ಸುಣ್ಣದ ಗೆರೆ ಎಳೆಯೋರು. "ಬೇಕು" ಅನ್ನೋರು ಗೆರೆಯ ಈ ಕಡೆ, "ಬೇಡ" ಅನ್ನೋರು ಆ ಕಡೆ. ಎಲ್ಲರೂ ನಿಂತೇ ಇರ್ಬೇಕು. ಯಾರು ಬೇಕಾದ್ರೂ ಮಾತಾಡಬಹುದು. ಕೇಳ್ತಾ ಕೇಳ್ತಾ ಮನಸ್ಸು ತಿರುಗಿದ್ರೆ ಗೆರೆ ದಾಟಿ ಆ ಕಡೆ ಹೋಗಬಹುದು. ಎಲ್ಲರ ಮಾತೂ ಮುಗಿದ ಮೇಲೆ ಊರ ಯಜಮಾನ ತಮಟೆ ಹೊಡೆಸೋನು. ತಮಟೆ ಬಿದ್ದಾಗ ಯಾವ ಕಡೆ ಜನ ಹೆಚ್ಚೋ ಅದೇ ತೀರ್ಮಾನ. ಜನ ದಾಟಿ ದಾಟಿ ಸುಣ್ಣ ಅಳಿಸಿ ಹೋಗೋದು. ಸಭೆ ಮಧ್ಯದಲ್ಲೇ ಹೊಸದಾಗಿ ಎಳೀಬೇಕಾಗೋದು.

ಆ ಊರ ಬಿಸಿಲು ಮಾತ್ರ ಬಹಳ ಕೆಟ್ಟದ್ದು. ಹಾರೋ ಕಾಗೆ ನೆಲದ ಮೇಲೆ ಬಿದ್ದ ತನ್ನ ನೆರಳು ಕಂಡು, ಅದರೊಳಗೆ ಕೂತ್ಕೊಳ್ಳೋಣ ಅಂತ ಕೆಳಗಿಳಿಯೋದು. ಕೋಳಿ ಬೇಯಿಸಿದ ಮೊಟ್ಟೆನೇ ಇಡೋದು.

"ಬೇಯಿಸಿದ ಮೊಟ್ಟೆನಾ ಬುದ್ದಿ?"

"ನೀನು ಆ ಊರಿಗೆ ಹೋಗಿದ್ಯಾ? ಇಲ್ಲ ತಾನೆ? ಸುಮ್ನೆ ಕೇಳು."

ಆ ಊರಲ್ಲಿ ಒಬ್ಬ ಅಂಬಿಗ. ತಾತನ ಕಾಲದಿಂದ ಜನಾನ ಹೊಳೆ ದಾಟಿಸ್ತಿದ್ದೋರು ಅವರ ಮನೆಯೋರೇ. ಊರ ಕೆಳಗಿನ ಕಡವು, ಅಂದ್ರೆ ದೋಣಿ ಹತ್ತೋ ಜಾಗ, ಅದೇ ಅವನ ಅನ್ನ. ಅಂಬಿಗ ಕೆಟ್ಟೋನಲ್ಲ. ಆದ್ರೆ ಅವನಿಗೊಂದು ಕಾಯಿಲೆ. ಊರಲ್ಲೊಬ್ಬ ಸಾಹುಕಾರ ಇದ್ದ. ಅವನನ್ನ ಕಂಡ ದಿನ ಅಂಬಿಗನಿಗೆ ಅನ್ನ ಸೇರ್ತಿರಲಿಲ್ಲ.

ಇಬ್ಬರೂ ಒಂದೇ ಹೊಳೇಲಿ ಬರೀ ಮೈಯಲ್ಲಿ ಬಿದ್ದು ಬೆಳೆದೋರು. ಈಜು ಬರದೆ ಮೂಗಲ್ಲಿ ಬಾಯಲ್ಲಿ ನೀರು ಕುಡೀತಿದ್ದ ಸಾಹುಕಾರನ ಜುಟ್ಟು ಹಿಡಿದು ದಡಕ್ಕೆ ಎಳೆದು ಹಾಕಿದೋನು ಇದೇ ಅಂಬಿಗ. ಆಮೇಲೆ ಸಾಹುಕಾರ ಭತ್ತದ ವ್ಯಾಪಾರ ಮಾಡಿದ, ಗಿರಣಿ ಹಾಕಿದ, ಮನೆ ಕಟ್ಟಿದ. ಎಂಥ ಮನೆ ಅಂದ್ರೆ, ಮುಂಬಾಗಿಲಲ್ಲಿ ಮದುವೆ ಆದ್ರೆ ಹಿತ್ತಲಲ್ಲಿರೋರಿಗೆ ಬೀಗರೂಟದ ದಿನ ಗೊತ್ತಾಗೋದು. ಅಂಬಿಗ ದೋಣಿ ನಡೆಸ್ತಾ ದಿನಾ ಆ ಮನೆ ಹೆಂಚು ನೋಡೋನು. ನೋಡಬಾರದು ಅಂತ ಕತ್ತು ತಗ್ಗಿಸೋನು. ನೀರಲ್ಲೂ ಅದೇ ಮನೆ ಕಾಣೋದು. ಹುಟ್ಟಿನಿಂದ ನೀರಿಗೇ ಒಂದು ಬಾರಿಸೋನು. ಸಾಹುಕಾರನ ಎಮ್ಮೆ ಕರು ಹಾಕ್ತಂತೆ ಅಂತ ದೋಣೀಲಿ ಯಾರಾದ್ರೂ ಅಂದ್ರೆ, ಆ ದಿನ ಹೊಳೆ ದಡ ಮುಟ್ಟೋಕೆ ಎರಡರಷ್ಟು ಹೊತ್ತು ಹಿಡಿಯೋದು. ಎಲ್ಲಕ್ಕಿಂತ ಉರಿ ಅಂದ್ರೆ, ಅವನು ಎದುರಿಗೆ ಸಿಕ್ಕಾಗ "ಏನೋ" ಅನ್ನಬೇಕು ಅಂತ ಇವನ ಮನಸ್ಸು. ಬಾಯಿಂದ ಬರೋದು, "ನಮಸ್ಕಾರ ಸಾಹುಕಾರ್ರೇ."

ಒಂದು ಬೇಸಿಗೇಲಿ ಸಾಹುಕಾರ ಬಯಲಲ್ಲಿ, ಗೆರೆಯ "ಬೇಕು" ಅನ್ನೋ ಕಡೆಗೆ, ಒಂದು ಚಪ್ಪರ ಹಾಕಿಸಿದ. ತೆಂಗಿನ ಗರಿ ಚಪ್ಪರ, ಪಕ್ಕದಲ್ಲಿ ಮಜ್ಜಿಗೆ ಗುಡಾಣ. "ಜನ ಬಿಸಿಲಲ್ಲಿ ಒಣಗೋದು ನೋಡೋಕಾಗಲ್ಲ. ಇಲ್ಲೇ ನಿಂತ್ಕೊಳ್ಳಿ ಅಂತ ನಾನು ಯಾರಿಗೂ ಹೇಳಲ್ಲ," ಅಂದ. ಹೇಳಲೂ ಇಲ್ಲ. ಒಬ್ಬರ ಕೈಗೂ ಒಂದು ಕಾಸು ಇಡಲಿಲ್ಲ. ತನಗೆ ಏನಾದ್ರೂ ಆಗಬೇಕಿದ್ರೆ, "ಇದು ಊರಿಗೆ ಬೇಕಾ?" ಅಂತ ಯಜಮಾನನ ಬಾಯಲ್ಲಿ ಕೇಳಿಸೋನು, ಅಷ್ಟೆ. ಕೆರೆ ಮೀನು ಅವನಿಗಾಯ್ತು. ಗೋಮಾಳದ ಅಂಚು ಅವನಿಗಾಯ್ತು. ಜನ ತಮ್ಮ ಬುದ್ಧಿಯಿಂದಲೇ ಅಲ್ಲಿ ನಿಂತಿದೀವಿ ಅಂದ್ಕೊಂಡ್ರು. ಸುಣ್ಣದ ಗೆರೆ ಮಾತ್ರ ಸಂಜೆವರೆಗೂ ಎಳೆದ ಹಾಗೇ ಬೆಳ್ಳಗಿರೋದು.

ಆಮೇಲೆ ಒಂದು ದಿನ ಯಜಮಾನ ಕೇಳಿದ: "ಕಡವನ್ನ ಗಿರಣಿ ಹತ್ರಕ್ಕೆ ತಗೊಂಡು ಹೋಗಬೇಕಂತೆ. ಬೇಕಾ, ಬೇಡವಾ?"

ಗಿರಣಿ ಹತ್ರ ಕಡವಾದ್ರೆ ಅಲ್ಲಿ ನಡೆಯೋ ದೋಣಿನೂ ಸಾಹುಕಾರಂದೇ. ಅಂಬಿಗನ ಮನೆ ಒಲೆ ಆರಿದ ಹಾಗೇ.

ಅಂಬಿಗ "ಬೇಡ" ಅನ್ನೋ ಕಡೆ ಬಿಸಿಲಲ್ಲಿ ನಿಂತು ಮಾತಾಡಿದ. "ಗಿರಣಿ ಹತ್ರ ಸುಳಿ ಇದೆ. ಅದು ನನಗೆ ಗೊತ್ತು, ನಮ್ಮಪ್ಪನಿಗೆ ಗೊತ್ತಿತ್ತು. ಅಲ್ಲಿ ದೋಣಿ ಇಳಿಸಿದ್ರೆ ಒಂದಲ್ಲ ಒಂದು ದಿನ ನಿಮ್ಮ ಮನೆಯೋರೇ ಹೋಗ್ತಾರೆ," ಅಂದ. ಚಪ್ಪರದ ಕೆಳಗೆ ಜನ ಕಣ್ಣೊರೆಸ್ಕೊಂಡ್ರು. ಮಜ್ಜಿಗೆ ಹಂಚೋನೂ ಅತ್ತ. ಜನರ ಕಣ್ಣೀರು ಬಿದ್ದು ತಮಟೆ ಚರ್ಮ ಮೆತ್ತಗಾಯ್ತು, ಬೆಂಕಿಗೆ ಹಿಡಿದು ಕಾಯಿಸಬೇಕಾಯ್ತು. ಅಷ್ಟಾದ್ರೂ ಒಬ್ಬನೂ ಗೆರೆ ದಾಟಲಿಲ್ಲ.

ಅಂಬಿಗ ತನ್ನ ಭಾಮೈದನ್ನ ಕೂಗಿದ. "ನೀನಾದ್ರೂ ಬಾರೋ."

"ನಿನ್ ಮಾತು ಹದಿನಾರಾಣೆ ನಿಜ ಭಾವ," ಅಂದ ಅವನು, ಮೀಸೆಗಂಟಿದ ಮಜ್ಜಿಗೆ ಒರೆಸ್ಕೊಂಡು. "ಬಿಸಿಲು ಸ್ವಲ್ಪ ಇಳೀಲಿ, ಬರ್ತೀನಿ."

ಬಿಸಿಲು ಇಳಿಯೋ ಮೊದಲೇ ತಮಟೆ ಬಿತ್ತು. ಪುಣ್ಯಕ್ಕೆ, ದೊಡ್ಡ ವಿಷಯ ಆದ್ರೆ ಎರಡು ಸಲ ಕೇಳೋದು ಆ ಊರಿನ ಪದ್ಧತಿ. ಅಮಾವಾಸ್ಯೆ ಕಳೆದ ಮೇಲೆ ಇನ್ನೊಂದು ಸಲ ಗೆರೆ ಎಳೀಬೇಕು.

ಆ ಸಂಜೆ ಹೆಂಡ್ತಿ ಮುದ್ದೆ ಮುಂದಿಟ್ಟು ಹೇಳಿದಳು, "ಯಜಮಾನ್ರ ಹತ್ರ ಹೋಗಿ, ಸಭೆ ತಂಪು ಹೊತ್ತಲ್ಲಿ ಮಾಡಿ ಅನ್ನು. ಇಲ್ಲಾ, ಮನೆಗೊಂದು ಗರಿ ಎತ್ತಿ ಎರಡೂ ಕಡೆ ಊರೋರೇ ಚಪ್ಪರ ಹಾಕೋಣ ಅನ್ನು. ಗರಿಗೇನು ಬರನಾ?"

"ಮನೆಗೊಂದು ಗರಿ ಎತ್ತಿದ್ರೆ ಅದು ಊರ ಚಪ್ಪರ ಆಗುತ್ತೆ ಕಣೇ."

"ಆಗ್ಲಿ. ಅದೇ ತಾನೆ ಬೇಕಾಗಿರೋದು?"

ಅಂಬಿಗನ ಕಣ್ಣಲ್ಲಿ ಆಗಲೇ ಇನ್ನೊಂದು ಚಪ್ಪರ ಎದ್ದು ನಿಂತಿತ್ತು. ಸಾಹುಕಾರಂದು ಗರಿದಾದ್ರೆ ಇವನದು ಬಣ್ಣದ ಬಟ್ಟೇದು. ಅವನದು ಮಜ್ಜಿಗೆ ಆದ್ರೆ ಇವನದು ಬೆಲ್ಲದ ಪಾನಕ. "ಯಾರ ಚಪ್ಪರ ಇದು?" ಅಂತ ಜನ ಕೇಳಬೇಕು. "ಅಂಬಿಗಂದು," ಅಂತ ಯಾರಾದ್ರೂ ಹೇಳಬೇಕು. ಅದು ಸಾಹುಕಾರನ ಕಿವಿಗೆ ಬೀಳಬೇಕು. ಕಡವಿನ ಮಾತು ಅವನಿಗೆ ಅರ್ಧ ಮರೆತೇ ಹೋಗಿತ್ತು.

"ಅಷ್ಟು ದುಡ್ಡು ಎಲ್ಲಿಂದ ತರ್ತೀಯ?"

"ದೋಣಿ ಇದೆಯಲ್ಲ."

ಹೆಂಡ್ತಿ ಅವನ ಮುಖಾನೇ ನೋಡಿದಳು. "ದೋಣಿ ಮಾರಿ ಕಡವು ಉಳಿಸ್ತೀಯಾ?"

"ಮೊದಲು ಅವನ ಮುಂದೆ ಗೆಲ್ಲೋಣ. ದೋಣಿ ಆಮೇಲೆ ಮಾಡಿಸ್ಕೊಂಡ್ರಾಯ್ತು."

ಹೊಳೆ ಆಚೆಯಿಂದ ಯಾರೋ ಒಬ್ಬ ದಲ್ಲಾಳಿ ಬಂದು ದೋಣಿ ಕೊಂಡ. ಚೌಕಾಸಿನೇ ಮಾಡಲಿಲ್ಲ. ಅದೂ ತನ್ನ ಗತ್ತಿಗೆ ಸಂದ ಮರ್ಯಾದೆ ಅಂತ ಅಂಬಿಗ ಅಂದ್ಕೊಂಡ.

ಸಭೆ ದಿನ "ಬೇಡ" ಅನ್ನೋ ಕಡೆ ಚಪ್ಪರ ಎದ್ದಿತು. ಎಂಥ ಚಪ್ಪರ ಅಂದ್ರೆ, ಅದರ ನೆರಳು ಹೊಳೆ ದಾಟಿ ಹೋಗಿ, ಆಚೆ ಊರಲ್ಲಿ ಹಪ್ಪಳ ಒಣಗದೆ ಹೆಂಗಸರು ಬೈಕೊಂಡ್ರು. ಪಾನಕದ ವಾಸನೆಗೆ ಸುತ್ತಮುತ್ತಲ ಹೋಬಳಿ ಇರುವೆಯೆಲ್ಲ ಸಾಲು ಕಟ್ಟಿ ಬಂದು ಗೆರೆಯ ಆ ಕಡೆಗೇ ನಿಂತವು. ತಲೆ ಎಣಿಸೋವಾಗ ಯಜಮಾನ ಅವನ್ನ ಬಿಟ್ಟು ಎಣಿಸಬೇಕಾಯ್ತು.

ಊರಿಗೆ ಊರೇ ಅಂಬಿಗನ ಕಡೆ ಬಂತು. ಎಲ್ಲರಿಗಿಂತ ಮೊದಲು ಭಾಮೈದ. ಅಂಬಿಗ ಸುಳಿಯ ವಿಷಯ ಹೇಳೋಕೆ ಬಾಯಿ ತೆಗೆದ.

"ಮಾತ್ಯಾಕೆ ಭಾವ, ಪಾನಕ ಬರ್ಲಿ," ಅಂದ ಭಾಮೈದ.

ಈ ಸಲ ಯಾರೂ ಅಳಲಿಲ್ಲ, ಯಾಕಂದ್ರೆ ಯಾರೂ ಕೇಳಿಸ್ಕೊಳ್ಳಲಿಲ್ಲ. ತಮಟೆ ಬಿತ್ತು. ಅಂಬಿಗ ಗೆದ್ದ. ಗೆದ್ದೋನು ಜನರ ಕಡೆ ತಿರುಗಲಿಲ್ಲ, ಸಾಹುಕಾರನ ಮುಖ ಹುಡುಕಿದ. ಆ ಮುಖ ಕಪ್ಪಿಟ್ಟಿರೋದನ್ನ ಒಂದು ಸಲ ನೋಡಬೇಕು, ಜನ್ಮಕ್ಕೆ ಅಷ್ಟು ಸಾಕು ಅನ್ನಿಸಿತ್ತು ಅವನಿಗೆ. ಸಾಹುಕಾರ ಇವನ ಚಪ್ಪರದ ಕಂಬಕ್ಕೇ ಒರಗಿ ನಿಂತು ಪಾನಕ ಕುಡೀತಿದ್ದ.

"ಚೆನ್ನಾಗಿದೆ ಕಣೋ," ಅಂದ. "ಏಲಕ್ಕಿ ಒಂಚೂರು ಜಾಸ್ತಿ."

ಮಾರನೇ ಬೆಳಗ್ಗೆ ಅಂಬಿಗ ಕಡವಿಗೆ ಇಳಿದ. ಅವನ ಹಳೇ ದೋಣಿ ಅಲ್ಲೇ ಗೂಟಕ್ಕೆ ಕಟ್ಟಿತ್ತು. ದೋಣಿ ಒಳಗೆ ಸಾಹುಕಾರ ಕೂತಿದ್ದ.

"ಕಡವು ನೀನು ಗೆದ್ದೆ, ದೋಣಿ ನಾನು ಕೊಂಡೆ," ಅಂದ ಸಾಹುಕಾರ. "ಹುಟ್ಟು ಹಾಕೋಕೆ ಒಬ್ಬ ಆಳು ಬೇಕಿತ್ತು. ನಂಗೆ ಈಗಲೂ ಈಜು ಬರಲ್ಲ, ನಿಂಗೆ ಗೊತ್ತಲ್ಲ."

ಅಂಬಿಗ ಮೊಣಕಾಲುದ್ದ ನೀರಿಗೆ ಇಳಿದ. ಆಮೇಲೆ ಹುಟ್ಟು ಕೈಗೆ ತಗೊಂಡ. "ಆಗ್ಲಿ ಸಾಹುಕಾರ್ರೇ," ಅಂದ.

ಬಯಲಲ್ಲಿ ಎರಡು ಚಪ್ಪರವೂ ಹಾಗೇ ಉಳಿದವು. ಗಾಳಿಗೆ ಅಂಬಿಗನ ಚಪ್ಪರದ ಬಟ್ಟೆ ಹರೀತು. ಹೊಲಿಸೋ ಶಕ್ತಿ ಅವನಿಗಿರಲಿಲ್ಲ. ಸಾಹುಕಾರನೇ ಹೊಲಿಸಿಕೊಟ್ಟ. ಆವತ್ತಿಂದ ಊರೋರು ಬೇಕು ಅಂದ್ರೂ ಅವನ ನೆರಳಲ್ಲೇ, ಬೇಡ ಅಂದ್ರೂ ಅವನ ನೆರಳಲ್ಲೇ. ಒಂದು ದಿನ ಮಡಕೆ ಮಾಡೋ ಮುದುಕಿ ಒಬ್ಬಳು, ತಾನು ಮಣ್ಣು ತೆಗೆಯೋ ಗುಂಡಿಗೆ ಯಾರೋ ಬೇಲಿ ಹಾಕವ್ರೆ, ಊರು ಕೇಳಬೇಕು ಅಂತ ಬಯಲಿಗೆ ಬಂದಳು.

"ನಿನ್ ಚಪ್ಪರ ಎಲ್ಲಜ್ಜಿ?" ಅಂತ ಜನ ಕೇಳಿದ್ರು. ಹಾಗೆ ಕೇಳಿದೋರಲ್ಲಿ ಅಂಬಿಗನೂ ಇದ್ದ.

ಬುದ್ದಿಯೋರು ಕತೆ ಅಲ್ಲಿಗೆ ನಿಲ್ಲಿಸಿದ್ರು. ದೊರೆಸ್ವಾಮಿ ಕೂತಲ್ಲೇ ಮಿಸುಕಾಡಿದ.

"ಅಂಬಿಗ ದಡ್ಡ ಬುದ್ದಿ. ಆ ದಲ್ಲಾಳಿ ಯಾರ ಕಡೆಯೋನು ಅಂತ ವಿಚಾರಿಸಬೇಕಿತ್ತು. ನಾನು ಗದ್ದೆ ಮಾರೋವಾಗ ನೋಡ್ಕೊಂಡು ಮಾರ್ತೀನಿ."

ಬುದ್ದಿಯೋರು ಅವನ ಮುಖಾನೇ ನೋಡ್ತಾ ಕೇಳಿದ್ರು: "ದೊರೆ, ನಿನ್ನ ಹೊಟ್ಟೆ ಉರೀತಿರೋದು ಅಲ್ಲೊಂದು ಚಪ್ಪರ ಇದೆ ಅಂತಲೋ, ಅದು ನಿಂದಲ್ಲ ಅಂತಲೋ?"