ಅಂಬುಜಮ್ಮನ ಕಿವಿ ಮತ್ತು ಚಿಟಿಕೆ ಸಿಗಡಿ

ನದಿ ಹೋಗಿ ಸಮುದ್ರ ಸೇರುವ ಅಳಿವೆಯ ದಂಡೆಯಲ್ಲಿ ಒಂದು ಕಾಡಿತ್ತು. ಆ ಕಾಡಿನಲ್ಲಿ ನೀರುನಾಯಿ ಅಂಬುಜಮ್ಮನ ಮನೆತನವನ್ನು ಅರಿಯದ ಪ್ರಾಣಿ ಇರಲಿಲ್ಲ. ಅವಳ ಮುತ್ತಜ್ಜಿ ನೀರಿಗೆ ದವಡೆ ಇಟ್ಟು, ಒಂದು ಹರಿದಾರಿ ಆಚೆ ಏಡಿ ನಡೆಯುವುದನ್ನು ಹೇಳುತ್ತಿದ್ದಳಂತೆ. ಅಜ್ಜಿ ಮೂರು ನೆರೆಗಳಲ್ಲಿ ಕೊಚ್ಚಿಹೋದವರನ್ನು ಬರಿಯ ಸದ್ದು ಹಿಡಿದು ಹುಡುಕಿದ್ದಳು. ತಾಯಿ ಒಂದು ದಿನವೂ ಮೀನಿನ ಮುಳ್ಳನ್ನು ದಂಡೆಯಲ್ಲಿ ಬಿಟ್ಟವಳಲ್ಲ. ಆ ಮನೆಯವರು ತಡವಾಗಿ ಬರುತ್ತಿರಲಿಲ್ಲ. ಕೂಗಿ ಮಾತಾಡುತ್ತಿರಲಿಲ್ಲ. ಕೇಳದ್ದನ್ನು ಕೇಳಿದೆ ಎನ್ನುತ್ತಿರಲಿಲ್ಲ. ಅಂಬುಜಮ್ಮ ಇವಿಷ್ಟನ್ನೂ ತನ್ನ ಮರಿಗಳಿಂದ ಪ್ರತಿ ಬೆಳಿಗ್ಗೆ ಬಾಯಿಪಾಠ ಹೇಳಿಸುತ್ತಿದ್ದಳು.

ಅಳಿವೆಯ ನಡುವೆ ಒಂದು ಕುದ್ರು, ಅಂದರೆ ನಡುಗಡ್ಡೆ, ಇತ್ತು. ಅಲ್ಲಿ ಹುಲ್ಲು ಸೊಂಪಾಗಿ ಬೆಳೆಯುತ್ತಿತ್ತು. ಈಜು ಬಾರದ ಮೊಲ, ಅಳಿಲುಗಳನ್ನು ಏಳು ಹೆಜ್ಜಾರ್ಲೆ ಹಕ್ಕಿಗಳು ತಮ್ಮ ಕೊಕ್ಕಿನ ದೊಡ್ಡ ಚೀಲದಲ್ಲಿ ಕೂರಿಸಿಕೊಂಡು ಕುದ್ರುವಿಗೆ ಕರೆದೊಯ್ಯುತ್ತಿದ್ದವು. ಹೊರಡುವ ಜಾಗಕ್ಕೆ ಹಾರುಬಂಡೆ ಎಂದು ಹೆಸರು.

ಹಾರುವ ಹಕ್ಕಿಗೆ ಒಂದು ಕಟ್ಟುನಿಟ್ಟಿನ ನಿಯಮವಿತ್ತು. ಕುತ್ತಿಗೆಗೆ ಒಂದು ಚಿಪ್ಪು ಕಟ್ಟಿಕೊಳ್ಳಬೇಕು. ಚಿಪ್ಪಿನೊಳಗೆ ಒದ್ದೆ ಪಾಚಿಯ ನಡುವೆ ಒಂದು ಚಿಟಿಕೆ ಸಿಗಡಿ ಇರಬೇಕು. ಅದು ಗಾಳಿಯಲ್ಲಿ ಸುಮ್ಮನಿರುತ್ತದೆ. ಉಪ್ಪುನೀರು ತಾಗಿತೋ, ಕೊಂಡಿ ಮಡಚಿ ಚಿಟ್ ಎಂದು ಚಿಟಿಕೆ ಹೊಡೆಯಲು ತೊಡಗುತ್ತದೆ. ಮೂರು ಉಸಿರಿಗೆ ಒಂದು ಚಿಟಿಕೆ, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಹಕ್ಕಿ ಎಲ್ಲಿ ಬಿದ್ದರೂ ಆ ಸದ್ದು ನೀರಿನೊಳಗೆ ಬಹುದೂರ ಹೋಗುತ್ತದೆ. ಕಣ್ಣಿಗೆ ಕಾಣದ್ದು ಕಿವಿಗೆ ಸಿಗುತ್ತದೆ.

ಪ್ರತಿ ಹುಣ್ಣಿಮೆಗೆ ಅಂಬುಜಮ್ಮ ಏಳು ಹೊಸ ಸಿಗಡಿಗಳನ್ನು ಆರಿಸಿ, ಎಲೆಯ ದೊನ್ನೆಯಲ್ಲಿಟ್ಟು ಹಾರುಬಂಡೆಗೆ ತರುತ್ತಿದ್ದಳು. ಹಳೆಯದನ್ನು ನೀರಿಗೆ ಬಿಟ್ಟು ಹೊಸದನ್ನು ಚಿಪ್ಪಿಗೆ ಹಾಕುವುದು ನರಿ ಪರಮಯ್ಯನ ಕೆಲಸ. ಅವನು ಹಾರುಬಂಡೆಯ ಕಾವಲುಗಾರ. ಕೊಟ್ಟ ಮೇಲೆ ಅಂಬುಜಮ್ಮ ಮತ್ತೆ ಚಿಪ್ಪು ತೆರೆದು ನೋಡುತ್ತಿರಲಿಲ್ಲ. ಒಪ್ಪಿಸಿದ್ದನ್ನು ಕೆದಕಿ ನೋಡುವುದು ಮರ್ಯಾದಸ್ಥರ ಲಕ್ಷಣವಲ್ಲ ಎಂದು ಆ ಮನೆಯಲ್ಲಿ ಕಲಿಸಿದ್ದರು. ಪರಮಯ್ಯನಿಗೆ ಈ ಸಂಗತಿ ಚೆನ್ನಾಗಿ ಗೊತ್ತಿತ್ತು.

ಅಮಾವಾಸ್ಯೆಗೆ ಆರು ದಿನ ಉಳಿದಿರುವಾಗ ಒಂದು ಬೆಳಿಗ್ಗೆ ಹೆಜ್ಜಾರ್ಲೆ ಸೀತಕ್ಕ ಮೂರು ಮೊಲಗಳನ್ನು ಕೂರಿಸಿಕೊಂಡು ಮಂಜಿನಲ್ಲಿ ಹಾರಿದಳು. ಕುದ್ರು ತಲುಪಲಿಲ್ಲ. ಹಿಂದಕ್ಕೂ ಬರಲಿಲ್ಲ.

ಉಳಿದ ಆರು ಹಕ್ಕಿಗಳು ಕತ್ತಲಾಗುವ ತನಕ ಹುಡುಕಿದವು. ಮಂಜು ಕರಗಲಿಲ್ಲ. ದಂಡೆಯುದ್ದಕ್ಕೂ ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳು ಹೆಣೆದುಕೊಂಡಿದ್ದವು. ಅದರೊಳಗೆ ಆನೆ ನಿಂತರೂ ಮೇಲಿನಿಂದ ಕಾಣುತ್ತಿರಲಿಲ್ಲ. ಕಾಡಿನ ಹಿರಿಯ ಆಮೆಯಜ್ಜ ಎಲ್ಲರನ್ನೂ ಕರೆದು ಒಂದೇ ಮಾತು ಹೇಳಿದ. ಸೀತಕ್ಕ ಯಾವುದೋ ಬಂಡೆಯ ಮೇಲೆ ಬಿದ್ದಿದ್ದರೆ ಇನ್ನೂ ಬದುಕಿರಬಹುದು, ಆದರೆ ಅಮಾವಾಸ್ಯೆಯ ದೊಡ್ಡ ಉಬ್ಬರಕ್ಕೆ ಅಳಿವೆಯ ಬಂಡೆಗಳೆಲ್ಲ ಮುಳುಗುತ್ತವೆ, ಅಷ್ಟರೊಳಗೆ ಸಿಗಬೇಕು.

ಎಲ್ಲರೂ ಅಂಬುಜಮ್ಮನ ಕಡೆ ತಿರುಗಿದರು.

ಅವಳು ಯಾರೂ ನೀರಿಗೆ ಇಳಿಯಕೂಡದು ಎಂದು ಅಪ್ಪಣೆ ಮಾಡಿದಳು. ಎಮ್ಮೆ ಕಾಳವ್ವ ಕೆಸರಿನಿಂದ ಎದ್ದು ಬರಬೇಕಾಯಿತು. ಬಾತುಗಳು ದಂಡೆಯಲ್ಲಿ ಸಾಲಾಗಿ ಕೂತವು. ಮರುದಿನ ಬೆಳಗಾಗುತ್ತಲೇ ಅಂಬುಜಮ್ಮ ಅಳಿವೆಯ ನಡುವಿನ ಬಂಡೆಗೆ ಹೋಗಿ ದವಡೆಯನ್ನು ನೀರಿಗಿಟ್ಟು ಕಣ್ಣು ಮುಚ್ಚಿದಳು.

ಮೊದಲ ದಿನ ತೆಂಕಣ ಕಾಂಡ್ಲಾದ ಕಡೆಯಿಂದ ಸಣ್ಣದೊಂದು ಸದ್ದು ಬಂತು. ಚಿಟ್. ಅವಳು ಉಸಿರು ಎಣಿಸಿದಳು. ಮೂರಾಯಿತು, ಆರಾಯಿತು, ಒಂಬತ್ತಾಯಿತು. ಆಮೇಲೆ ಮತ್ತೆ ಚಿಟ್. ಅವಳು ತಲೆ ಕೊಡವಿದಳು. ಇದು ನಮ್ಮದಲ್ಲ, ನಮ್ಮ ಮನೆಯಿಂದ ಹೋದ ಸಿಗಡಿ ಹೀಗೆ ತೂಕಡಿಸುವುದಿಲ್ಲ, ಬಂಡೆಗೆ ಅಂಟಿದ ಯಾವುದೋ ಮಳಿ ತನ್ನ ಚಿಪ್ಪು ಮುಚ್ಚಿಕೊಳ್ಳುತ್ತಿರಬೇಕು ಎಂದು ಅದನ್ನು ಬಿಟ್ಟಳು.

ಎರಡನೆಯ ದಿನವೂ ಮೂರು ಉಸಿರಿನ ಚಿಟಿಕೆ ಕೇಳಲಿಲ್ಲ. ಅಂಬುಜಮ್ಮನಿಗೆ ಊಟ ಸೇರಲಿಲ್ಲ. ಕೂತಲ್ಲಿ ಕೂರಲಾರದೆ ಬಂಡೆಯಿಂದ ದಂಡೆಗೆ, ದಂಡೆಯಿಂದ ಬಂಡೆಗೆ ಓಡಾಡಿದಳು. ಉಬ್ಬರದ ನೀರು ನಿನ್ನೆಗಿಂತ ಎರಡು ಬೆರಳು ಮೇಲೆ ಬಂದಿತ್ತು. ಅವಳು ಅದನ್ನು ದಿನಕ್ಕೆ ಹತ್ತು ಸಲ ನೋಡಿದಳು.

ಆ ಸಂಜೆ ಪರಮಯ್ಯ ಹಾರುಬಂಡೆಯ ಮೇಲೆ ನಿಂತು ಗಂಟಲು ಸರಿಮಾಡಿಕೊಂಡ. ತಾನು ಯಾರ ಮೇಲೂ ದೂರು ಹೇಳುವವನಲ್ಲ ಎಂದು ಮೊದಲೇ ಹೇಳಿದ. ಆಮೇಲೆ ದೂರು ಹೇಳಿದ. ಸಿಗಡಿ ಆರಿಸಿದವರು ಯಾರು, ಕೇಳುವವರು ಯಾರು, ಎರಡೂ ಒಂದೇ ಮನೆ. ಸತ್ತ ಸಿಗಡಿ ಕೊಟ್ಟಿರಬೇಕು, ಇಲ್ಲವೇ ಕಿವಿ ಹೋಗಿರಬೇಕು.

"ದೊಡ್ಡ ಮನೆಯವರು, ನಾವು ಕೇಳುವ ಹಾಗಿಲ್ಲ," ಎಂದ ಪರಮಯ್ಯ. "ಆದರೂ ಅಮ್ಮನವರೇ, ಮುತ್ತಜ್ಜಿಯ ಕಿವಿ ಮುತ್ತಜ್ಜಿಯ ಜೊತೆಗೇ ಹೋಯಿತೇನೋ."

ಬಾತುಗಳು ಕೊಕ್ಕು ಮುಚ್ಚಿಕೊಂಡು ನಕ್ಕವು. ಅಂಬುಜಮ್ಮ ಮೀಸೆಯನ್ನೂ ಅಲುಗಿಸಲಿಲ್ಲ. ಕೂಗಿ ಮಾತಾಡುವ ಮನೆತನ ಅದಲ್ಲ. ಅವಳು ಮತ್ತೆ ಬಂಡೆಗೆ ಹೋಗಿ ದವಡೆಯನ್ನು ನೀರಿಗಿಟ್ಟಳು.

ಮೂರನೆಯ ದಿನ ಬೆಳಿಗ್ಗೆ ಪರಮಯ್ಯ ಏದುಸಿರು ಬಿಡುತ್ತಾ ಬಂದ. ಬಡಗಣ ಮರಳುದಿಬ್ಬದ ಹತ್ತಿರ ತಾನೇ ಕಿವಿಯಾರೆ ಚಿಟಿಕೆ ಕೇಳಿದೆ ಎಂದ. ಅವನು ಎಲ್ಲರಿಗಿಂತ ಮುಂದೆ ಓಡಿ ದಿಬ್ಬದ ಬಂಡೆಯ ಹಿಂದೆ ಮರೆಯಾದ, ಉಳಿದವರು ಹಿಂಬಾಲಿಸಿದರು. ನಿಜವಾಗಿಯೂ ನೀರಿನೊಳಗಿಂದ ಟಕ್, ಟಕ್ ಎಂದು ಸದ್ದು ಬರುತ್ತಿತ್ತು, ಸರಿಯಾಗಿ ಮೂರು ಉಸಿರಿಗೊಮ್ಮೆ. ನೀರುಕಾಗೆಗಳು ಧುಮುಕಿ ತಳ ಹುಡುಕಿದವು. ಏನೂ ಸಿಗಲಿಲ್ಲ. ಪ್ರವಾಹಕ್ಕೆ ಜಾಗ ಸರಿದಿರಬೇಕು, ನಾಳೆ ಮತ್ತೆ ಹುಡುಕೋಣ, ಅಲ್ಲಿಯವರೆಗೆ ತಾನೊಬ್ಬನೇ ದಿಬ್ಬದ ಬಂಡೆಯ ಹಿಂದೆ ಕೂತು ಕಾಯುತ್ತೇನೆ ಎಂದ ಪರಮಯ್ಯ. ಎಲ್ಲರೂ ಅವನನ್ನು ಹೊಗಳಿದರು. ಅಂಬುಜಮ್ಮನನ್ನು ಯಾರೂ ಏನೂ ಕೇಳಲಿಲ್ಲ.

ನಾಲ್ಕನೆಯ ದಿನವೂ ಹಾಗೆಯೇ ಕಳೆಯಿತು. ನೀರು ಇನ್ನೂ ನಾಲ್ಕು ಬೆರಳು ಏರಿತು.

ಅಂಬುಜಮ್ಮನಿಗೆ ಸಮಾಧಾನವಾಗಲಿಲ್ಲ. ಆ ಸದ್ದಿನಲ್ಲಿ ಏನೋ ಒಂದು ಒರಟು ಇತ್ತು. ಐದನೆಯ ದಿನ, ಅಮಾವಾಸ್ಯೆಯ ಹಿಂದಿನ ದಿನ, ಅವಳು ಯಾರಿಗೂ ಹೇಳದೆ ತನ್ನ ಅಜ್ಜಿಯ ಪದ್ಧತಿ ಹಿಡಿದಳು. ಒಂದು ಬಂಡೆಯಲ್ಲಿ ಕೂತು, ಎರಡು ಕಿವಿಗೂ ಸದ್ದು ಸಮನಾಗಿ ಬರುವ ತನಕ ತಿರುಗಿ, ಮೂತಿ ನಿಂತ ದಿಕ್ಕಿಗೆ ಒಂದು ಕೋಲು ಇಡುವುದು. ಇನ್ನೊಂದು ಬಂಡೆಗೆ ಹೋಗಿ ಹಾಗೆಯೇ. ಮತ್ತೊಂದರಲ್ಲೂ ಹಾಗೆಯೇ. ಮೂರು ಕೋಲು ತೋರಿಸುವ ಗೆರೆಗಳು ಸೇರುವಲ್ಲಿ ಸದ್ದಿನ ಮೂಲ ಇರುತ್ತದೆ.

ಗೆರೆಗಳು ನೀರಿನಲ್ಲಿ ಸೇರಲಿಲ್ಲ. ಮರಳುದಿಬ್ಬದ ಅಂಚಿನಲ್ಲಿ, ಪರಮಯ್ಯ ಕಾವಲು ಕೂತ ಬಂಡೆಯ ಹಿಂದೆಯೇ ಸೇರಿದವು.

ಅವಳು ಮತ್ತೆ ಎಣಿಸುತ್ತಾ ಕೂತಳು. ಸೂರ್ಯ ನೆತ್ತಿಗೆ ಬಂದ. ಸದ್ದು ನಿಂತಿತು. ಒಂದು ಮೀನು ತಿಂದು ಬಾಯಿ ಒರೆಸಿಕೊಳ್ಳುವಷ್ಟು ಹೊತ್ತು ನಿಂತೇ ಇತ್ತು. ಆಮೇಲೆ ಮತ್ತೆ ಟಕ್, ಟಕ್ ಎಂದು ತೊಡಗಿತು.

ಅಂಬುಜಮ್ಮ ಎದ್ದು ನೆಟ್ಟಗೆ ಆಮೆಯಜ್ಜನ ಬಳಿ ಹೋದಳು.

"ಅಜ್ಜ, ಸಿಗಡಿ ಮಧ್ಯಾಹ್ನದ ಊಟಕ್ಕೆ ಏಳುವುದನ್ನು ನೀವು ಎಲ್ಲಾದರೂ ಕಂಡಿದ್ದೀರಾ?"

ಅಜ್ಜ ಕುತ್ತಿಗೆ ಹೊರಗೆ ಚಾಚಿ, ನೂರಿಪ್ಪತ್ತು ವರ್ಷದಲ್ಲಿ ಕಂಡಿಲ್ಲ ಎಂದ. ಅವಳು ವಿಷಯ ಹೇಳಿದಳು. ಅದು ಕಲ್ಲಿಗೆ ಕಲ್ಲು ಬಡಿಯುವ ಸದ್ದು. ಮೂರು ಉಸಿರಿನ ಲೆಕ್ಕ ಬಲ್ಲವರು ಕಾಡಿನಲ್ಲಿ ಇಬ್ಬರೇ, ಒಂದು ತನ್ನ ಮನೆಯವರು, ಇನ್ನೊಂದು ಹಾರುಬಂಡೆಯ ಕಾವಲುಗಾರ. ಆದರೆ ಅವನಿಗೆ ಇದರಿಂದ ಬರುವುದೇನು? ಸೀತಕ್ಕ ಸಿಗಬಾರದೆಂದು ಅವನು ಏಕೆ ಬಯಸಬೇಕು?

ಉತ್ತರ ಇರುವ ಜಾಗ ಒಂದೇ. ಅಂಬುಜಮ್ಮ ಹಾರುಬಂಡೆಯಲ್ಲಿ ನಿಂತು, ಜೀವಮಾನದಲ್ಲಿ ಮೊದಲ ಬಾರಿಗೆ, ಒಪ್ಪಿಸಿದ್ದನ್ನು ತೆರೆದು ನೋಡಿದಳು. ಉಳಿದ ಆರು ಹಕ್ಕಿಗಳು ಕುತ್ತಿಗೆ ಬಗ್ಗಿಸಿದವು. ಆರು ಚಿಪ್ಪುಗಳಲ್ಲೂ ಪಾಚಿ ಒಣಗಿ ಹೋಗಿತ್ತು. ಸಿಗಡಿಗಳು ಹೊಟ್ಟೆ ಬೆನ್ನಿಗೆ ಹತ್ತಿ, ಹುಣಸೆ ಸಿಪ್ಪೆಯಂತೆ ಬಾಡಿದ್ದವು. ಈ ಹುಣ್ಣಿಮೆಗೆ ತಾನು ತಂದ ಸಿಗಡಿ ಅವಲ್ಲ. ಹಿಂದಿನದ್ದಕ್ಕೆ ತಂದದ್ದೂ ಅಲ್ಲ. ಅವಳು ಒಂದನ್ನು ನೀರಿಗೆ ಹಿಡಿದು ಕಿವಿಗೊಟ್ಟಳು.

ಚಿಟ್.

ಮೂರು ಉಸಿರಾಯಿತು. ಆರಾಯಿತು. ಒಂಬತ್ತಕ್ಕೆ ಮತ್ತೊಮ್ಮೆ, ಚಿಟ್.

ಮೊದಲ ದಿನ ತೆಂಕಣ ಕಾಂಡ್ಲಾದಿಂದ ಕೇಳಿದ್ದು ಇದೇ ಸದ್ದು. ಹಸಿದ ಸಿಗಡಿ ತನ್ನಲ್ಲಿ ಉಳಿದ ಶಕ್ತಿಯಿಂದ ಕರೆಯುತ್ತಿತ್ತು. ತನ್ನ ಮನೆಯ ಲೆಕ್ಕಕ್ಕೆ ಸರಿಹೊಂದಲಿಲ್ಲವೆಂದು ಅವಳು ಅದನ್ನು ತಳ್ಳಿಬಿಟ್ಟಿದ್ದಳು. ನಾಲ್ಕು ದಿನ ಹೋಗಿತ್ತು.

ಅವಳು ಆ ಹೊತ್ತು ಮಾತಿನಲ್ಲಿ ಕಳೆಯಲಿಲ್ಲ. ಕಾಳವ್ವನನ್ನು ಹಿಂದೆ ಬರಲು ಹೇಳಿ ನೀರಿಗೆ ಹಾರಿದಳು. ತೆಂಕಣ ದಂಡೆಯಲ್ಲಿ ಮೂರು ಕಡೆ ನಿಂತು ಕೇಳಿದಳು. ಸದ್ದು ಈಗ ಹನ್ನೆರಡು ಉಸಿರಿಗೊಮ್ಮೆ ಬರುತ್ತಿತ್ತು. ಎರಡು ಕೋಲು ಇಟ್ಟಾಯಿತು. ಮೂರನೆಯದರ ಹೊತ್ತಿಗೆ ಸದ್ದು ನಿಂತೇ ಹೋಯಿತೇನೋ ಅನ್ನಿಸಿತು. ಸಂಜೆಯ ಉಬ್ಬರ ಏರತೊಡಗಿತ್ತು. ಕಾಳವ್ವ ಬಾಲ ಬೀಸಲು ಹೋಗಿ, ಅಂಬುಜಮ್ಮನ ಮುಖ ನೋಡಿ, ಬಾಲವನ್ನು ಅಲ್ಲೇ ನಿಲ್ಲಿಸಿದಳು. ಹದಿನೆಂಟನೆಯ ಉಸಿರಿಗೆ ಒಂದು ಚಿಟಿಕೆ ಬಂತು. ಅದೇ ಕೊನೆಯದು. ಅಂಬುಜಮ್ಮನಿಗೆ ಅಷ್ಟೇ ಸಾಕಾಗಿತ್ತು.

ಗೆರೆಗಳು ಸೇರಿದಲ್ಲಿ ಕಾಂಡ್ಲಾ ಬೇರುಗಳು ಗೋಡೆಯ ಹಾಗೆ ನಿಂತಿದ್ದವು. ಒಳಗೊಂದು ಕರಿ ಬಂಡೆ. ಅದರ ಬಿರುಕಿನಲ್ಲಿ ಕಾಲು ಸಿಕ್ಕಿಕೊಂಡು, ಒಂದು ರೆಕ್ಕೆ ಮುರಿದು, ಸೀತಕ್ಕ ಎದೆಮಟ್ಟ ನೀರಿನಲ್ಲಿ ನಿಂತಿದ್ದಳು. ಅವಳ ಬೆನ್ನ ಮೇಲೆ ಮೂರು ಮೊಲಗಳು ಒಂದಕ್ಕೊಂದು ಅಂಟಿಕೊಂಡು ಕೂತಿದ್ದವು. ಕಾಂಡ್ಲಾ ಎಲೆ ಕಡಿದು, ಮಂಜಿನ ಹನಿ ನೆಕ್ಕಿ, ಐದು ದಿನ ಬದುಕಿದ್ದವು. ಅಲೆಯ ಮೊರೆತದಲ್ಲಿ ಕೂಗಿ ಕೂಗಿ ಅವುಗಳ ಗಂಟಲು ಕಟ್ಟಿತ್ತು. ಕಾಳವ್ವ ಮೊಲಗಳನ್ನು ಹೊತ್ತುಕೊಂಡಳು. ಅಂಬುಜಮ್ಮ ಮುಳುಗಿ, ಬಿರುಕಿನ ಮಳಿಗಳನ್ನು ಹಲ್ಲಿನಿಂದ ಕಿತ್ತು ಕಾಲು ಬಿಡಿಸಿದಳು. ಮೇಲೆ ಬಂದವಳೇ ಮೊದಲು ಹೇಳಿದ ಮಾತು ಇದು.

"ಸೀತಕ್ಕ, ನಿನ್ನ ಕರೆ ಮೊದಲ ದಿನವೇ ನನಗೆ ಕೇಳಿತ್ತು. ನನ್ನ ಹಮ್ಮಿನಿಂದ ಅದನ್ನು ಬಿಟ್ಟೆ. ತಪ್ಪು ನನ್ನದು. ಕ್ಷಮಿಸು."

ಸೀತಕ್ಕ ತಲೆಯನ್ನು ಅವಳ ಹೆಗಲಿಗೆ ಒರಗಿಸಿದಳು.

ಎಲ್ಲರೂ ಹಾರುಬಂಡೆಗೆ ಬಂದಾಗ ಬಡಗಣ ಕಡೆಯಿಂದ ಕಲ್ಲಿನ ಸದ್ದು ಜೋರಾಗಿ ಕೇಳುತ್ತಿತ್ತು. ಈಗ ಅದು ಮೂರು ಉಸಿರಿಗೊಮ್ಮೆ ಇರಲಿಲ್ಲ, ಎಡೆಬಿಡದೆ ಬರುತ್ತಿತ್ತು. ಉಬ್ಬರದ ನೀರು ಮರಳುದಿಬ್ಬವನ್ನು ದಂಡೆಯಿಂದ ಕಡಿದು ಹಾಕಿತ್ತು. ಪರಮಯ್ಯ ಅಂಗೈಯಗಲ ಮರಳಿನ ಮೇಲೆ ನಿಂತು, ಯಾರಾದರೂ ಬರಲಿ ಎಂದು ಕಲ್ಲು ಬಡಿಯುತ್ತಿದ್ದ. ಯಾರೂ ಏಳಲಿಲ್ಲ. ಅದು ಸುಳ್ಳು ಸದ್ದು ಎಂದು ಆಮೆಯಜ್ಜ ಆಗಲೇ ಸಾರಿಯಾಗಿತ್ತು. ಅವನು ಸುಳ್ಳು ಹೇಳಿಯೇ ಮುಳುಗಲಿ ಎಂದಿತು ಒಂದು ಬಾತು.

ಅಂಬುಜಮ್ಮ ಕಾಳವ್ವನಿಗೆ ಅವನನ್ನು ಕರೆತರಲು ಹೇಳಿದಳು. ಮೊದಲು ತಪ್ಪೊಪ್ಪಿಕೊಳ್ಳಲಿ, ಆಮೇಲೆ ಬೆನ್ನು ಕೊಡೋಣ ಎಂದಳು ಕಾಳವ್ವ.

"ಮುಳುಗುವವನ ಹತ್ತಿರ ಚೌಕಾಸಿ ಮಾಡುವ ಪದ್ಧತಿ ನಮ್ಮಲ್ಲಿಲ್ಲ," ಎಂದಳು ಅಂಬುಜಮ್ಮ. "ಮೊದಲು ದಂಡೆಗೆ ತಾ."

ಪರಮಯ್ಯ ಬಾಲದಿಂದ ನೀರು ಸುರಿಸುತ್ತಾ ಹಾರುಬಂಡೆಗೆ ಬಂದ. ಆರು ಚಿಪ್ಪುಗಳು ಸಾಲಾಗಿ ತೆರೆದಿದ್ದವು. ಏಳನೆಯದು ಸೀತಕ್ಕನ ಕುತ್ತಿಗೆಯಲ್ಲಿತ್ತು. ಅವನು ಅವುಗಳನ್ನು ನೋಡಿದ, ಮೊಲಗಳನ್ನು ನೋಡಿದ, ಆಮೇಲೆ ಆಕಾಶ ನೋಡಿದ. ನಾಲ್ಕು ಹುಣ್ಣಿಮೆಯ ಸಿಗಡಿಗಳು ತನ್ನ ಹೊಟ್ಟೆ ಸೇರಿದ್ದನ್ನೂ, ಸೀತಕ್ಕ ಸಿಕ್ಕರೆ ಅವಳ ಚಿಪ್ಪಿನಿಂದ ಅದು ಬಯಲಾಗುತ್ತದೆಂದು ಕಲ್ಲು ಬಡಿದದ್ದನ್ನೂ ಅಜ್ಜನ ಎರಡನೆಯ ಪ್ರಶ್ನೆಗೇ ಒಪ್ಪಿಕೊಂಡ. ಒಂದೊಂದು ಒಂದೇ ತುತ್ತು, ಇಷ್ಟು ದೊಡ್ಡದಾಗುತ್ತದೆಂದು ಯಾರಿಗೆ ಗೊತ್ತಿತ್ತು ಎಂದು ಗೊಣಗಿದ. ಅಜ್ಜ ಅವನನ್ನು ಆ ಕ್ಷಣವೇ ಕಾವಲಿನಿಂದ ತೆಗೆದ. ಇನ್ನು ಮೇಲೆ ಚಿಪ್ಪನ್ನು ಕೊಟ್ಟವರೂ ಪಡೆದವರೂ ಕೂಡಿಯೇ ತೆರೆದು ನೋಡಬೇಕೆಂದು ನಿಯಮ ಮಾಡಿದ.

ಪರಮಯ್ಯ ಮೆಲ್ಲನೆ ಪೊದೆಯ ಕಡೆ ಹೆಜ್ಜೆ ಹಾಕಿದ.

"ನಿಲ್ಲು ಪರಮಯ್ಯ," ಎಂದಳು ಅಂಬುಜಮ್ಮ. ಅವಳ ದನಿ ಒಂದಿಷ್ಟೂ ಏರಲಿಲ್ಲ.

ಯಾರ ಮನಸ್ಸಿಗಾದರೂ ನೋವಾಗಿದ್ದರೆ ಎಂದು ಅವನು ನೆಲ ನೋಡುತ್ತಾ ಆರಂಭಿಸಿದ. ಅವಳು ಅದನ್ನು ಅಲ್ಲಿಗೇ ತಡೆದಳು.

"ನೋವಾಗಿದೆಯೋ ಇಲ್ಲವೋ ಎಂಬ ಅನುಮಾನ ಇಲ್ಲಿ ಯಾರಿಗೂ ಇಲ್ಲ. ನನ್ನ ಪಾಲಿನದನ್ನು ನಾನು ಸೀತಕ್ಕನಿಗೆ ಹೇಳಿಯಾಯಿತು. ಇನ್ನು ನಿನ್ನದು. ಈ ಬಂಡೆಯ ಮೇಲೆ ಹತ್ತು. ತಲೆ ಎತ್ತಿ ನಿಲ್ಲು. ಮೊದಲು ಸೀತಕ್ಕನಿಗೆ, ಆಮೇಲೆ ಈ ಮೂರು ಮೊಲಗಳಿಗೆ, ಕೊನೆಗೆ ನನ್ನ ಮುತ್ತಜ್ಜಿಯ ಹೆಸರು ಹೇಳಿ, ಎಲ್ಲರಿಗೂ ಕೇಳುವ ಹಾಗೆ ಕ್ಷಮೆ ಕೇಳು."

ನೀತಿ: ನಂಬಿ ಒಪ್ಪಿಸಿದ ಕೆಲಸವನ್ನು ಕೆಡಿಸಿದವನು ಎಷ್ಟು ಜೋರಾಗಿ ಸುಳ್ಳು ಬಡಿದರೂ ನಿಜದ ಸಣ್ಣ ದನಿ ಅಡಗುವುದಿಲ್ಲ, ಆದರೆ ಆ ದನಿ ಕೇಳಬೇಕಾದರೆ ಕೇಳುವವರೂ ತಮ್ಮ ಹಮ್ಮನ್ನು ಬದಿಗಿಡಬೇಕು.