ಮೈಲಾರಿ ಕಾರನ್ನು ತಪಾಸಣೆಗೆ ಒಯ್ದದ್ದು

ಗ್ಯಾರೇಜಿನ ಕೊಟ್ರಮ್ಮನಿಗೆ ಇಬ್ಬರು ಮಕ್ಕಳು. ಮಗಳು ಶಾಂಭವಿ, ಮಗ ಮೈಲಾರಿ. ಮಗಳು ಶಾಲೆಯ ವ್ಯಾನು ಓಡಿಸುತ್ತಿದ್ದಳು, ಯಾರು ಏನು ಹೇಳಿದರೂ ತನಗೆ ಸರಿ ಕಂಡದ್ದನ್ನೇ ಮಾಡುತ್ತಿದ್ದಳು. ಮಗ ಹೇಳಿದ್ದನ್ನೆಲ್ಲ ಹೇಳಿದ ಹಾಗೆಯೇ ಮಾಡುತ್ತಿದ್ದ. ತೊಂದರೆ ಇದ್ದದ್ದು ಅಲ್ಲೇ. "ದೀಪ ಆರಿಸಿ ಮಲಗೋ" ಎಂದರೆ, ಕರೆಂಟು ಹೋದ ದಿನ ಕತ್ತಲಲ್ಲಿ ಎದ್ದು ಕೂತು, ಕರೆಂಟು ಬಂದ ಮೇಲೆ ದೀಪ ಆರಿಸಿ ಮಲಗುವವನು!

ಗ್ಯಾರೇಜಿನ ಮೂಲೆಯಲ್ಲಿ ಒಂದು ಹಳೆಯ ಅಂಬಾಸಿಡರ್ ಕಾರು ನಿಂತಿತ್ತು. ಊರಾಚೆಯ ಬಯಲಿನಲ್ಲಿ ವರ್ಷಕ್ಕೊಮ್ಮೆ ಹಳೆ ಕಾರುಗಳ ಓಟ ನಡೆಯುತ್ತದಲ್ಲ, ಅದಕ್ಕೆಂದು ಕೊಟ್ರಮ್ಮನ ಗಂಡ ಸಿದ್ಧ ಮಾಡುತ್ತಿದ್ದ ಕಾರು. ಅವನು ತೀರಿಕೊಂಡ. ಕಾರು ನಿಂತೇ ಇತ್ತು.

"ಈ ವರ್ಷ ಓಡಿದರೆ ಓಡಿತು. ಇಲ್ಲವಾದರೆ ಗುಜರಿಗೆ ಹಾಕ್ತೀನಿ. ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತೆ" ಎಂದಳು ಕೊಟ್ರಮ್ಮ.

"ನಾನು ಓಡಿಸ್ತೀನಿ ಅವ್ವಾ" ಎಂದಳು ಶಾಂಭವಿ.

ಓಡಿಸುವುದೇನೋ ಸರಿ, ಅದಕ್ಕೆ ಮೊದಲು ಕಾರು ತಪಾಸಣೆಯಲ್ಲಿ ಪಾಸಾಗಬೇಕು. ತಪಾಸಣೆ ಮಾಡುವವರು ಇಟಗಿ ಸಾಹೇಬರು. ತುಂಬಿದ ಮೈ, ಬಿಗಿದ ಮುಖ, ನಿಯಮವೆಂದರೆ ನಿಯಮ. ಶನಿವಾರ ಸಂಜೆಯೊಳಗೆ ಅವರು ಒಪ್ಪದಿದ್ದರೆ ಭಾನುವಾರದ ಓಟವಿಲ್ಲ. ಶಾಂಭವಿಗೆ ಹಗಲೆಲ್ಲ ವ್ಯಾನಿನ ಕೆಲಸ. ಹಾಗಾಗಿ ಟ್ರ್ಯಾಕ್ಟರಿಗೆ ಕಾರನ್ನು ಕಟ್ಟಿಕೊಂಡು ಮೈಲಾರಿ ಹೊರಟ.

ಇಟಗಿ ಸಾಹೇಬರು ಕಾರಿನೊಳಗೆ ಬಗ್ಗಿ ನೋಡಿದರು. ಒಂದು ಪಾನಾ ಉರುಳುತ್ತಿತ್ತು. ಒಂದು ನೀರಿನ ತಂಬಿಗೆ ಉರುಳುತ್ತಿತ್ತು. ಕೊಟ್ರಮ್ಮ ಕಟ್ಟಿಕೊಟ್ಟ ರೊಟ್ಟಿ ಗಂಟು ಅದರ ಹಿಂದೆ ಉರುಳುತ್ತಿತ್ತು.

"ಏನಯ್ಯಾ ಇದು! ಕಾರು ಪಲ್ಟಿ ಹೊಡೆದರೆ ಇವೆಲ್ಲ ಓಡಿಸುವವರ ತಲೆಗೇ ಬಡಿಯುತ್ತವೆ! ನಡೆ, ನಡೆ!"

ಮೈಲಾರಿ ಮನೆಗೆ ಬಂದ. ಕೊಟ್ರಮ್ಮ ಹಣೆ ಚಚ್ಚಿಕೊಂಡಳು.

"ಅಯ್ಯೋ ನನ್ನ ಕರ್ಮವೇ! ಕಾರಿನೊಳಗೆ ಅಲ್ಲಾಡುವುದನ್ನೆಲ್ಲ ತೆಗೆದು ಹೋಗಬೇಕಪ್ಪಾ!"

"ಹಾಗೇ ಮಾಡ್ತೀನಿ ಅವ್ವಾ."

ಮರುದಿನ ಕೂತು ಒಂದೊಂದನ್ನೇ ಅಲ್ಲಾಡಿಸಿ ನೋಡಿದ. ಸ್ಟೇರಿಂಗ್ ಅಲ್ಲಾಡಿತು, ತೆಗೆದ. ಗೇರು ಅಲ್ಲಾಡಿತು, ತೆಗೆದ. ಬ್ರೇಕಿನ ಪೆಡಲು ಅಲ್ಲಾಡಿತು, ತೆಗೆದ. ಬಾಗಿಲುಗಳು ಅಲ್ಲಾಡಿದವು, ತೆಗೆದ. ಚಕ್ರಗಳು ಅಲ್ಲಾಡುವುದಿರಲಿ, ಗಿರಗಿರ ತಿರುಗಿದವು, ಅವನ್ನೂ ತೆಗೆದ. ಉಳಿದದ್ದನ್ನು ನಾಲ್ಕು ಜನರ ಕೈಯಲ್ಲಿ ಎತ್ತಿಸಿ ಟ್ರೇಲರಿನಲ್ಲಿ ಹೇರಿಕೊಂಡು ಹೋದ.

ಇಟಗಿ ಸಾಹೇಬರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಸ್ಟೇರಿಂಗ್ ಎಲ್ಲಯ್ಯಾ?"

"ಅಲ್ಲಾಡ್ತಿತ್ತು ಸಾರ್."

"ಚಕ್ರ?"

"ಅದಂತೂ ವಿಪರೀತ ಸಾರ್!"

"ಬಾಗಿಲೂ ಇಲ್ಲವಲ್ಲೋ ಮಾರಾಯ! ಬಾಗಿಲು ಇರಬೇಕು, ಮುಚ್ಚಿರಬೇಕು, ವೆಲ್ಡಿಂಗ್ ಆಗಿರಬೇಕು. ಹತ್ತುವುದು ಇಳಿಯುವುದು ಕಿಟಕಿಯಲ್ಲಿ. ಅದು ನಿಯಮ!"

ಆ ಸಂಜೆ ಶಾಂಭವಿ ಹಲ್ಲು ಕಚ್ಚಿಕೊಂಡು ಎಲ್ಲವನ್ನೂ ಮತ್ತೆ ಜೋಡಿಸಿದಳು. ಕೊಟ್ರಮ್ಮ ಮಗನ ಕಿವಿ ಹಿಂಡಿದಳು.

"ಬಾಗಿಲನ್ನು ಯಾರಾದರೂ ಕಿತ್ತುಹಾಕ್ತಾರೇನೋ! ಮುಚ್ಚಿ ವೆಲ್ಡಿಂಗ್ ಮಾಡಬೇಕು. ಒಂದು ಬಾಗಿಲೂ ತೆರೆಯಬಾರದು, ತಿಳಿಯಿತಾ?"

"ತಿಳಿಯಿತು ಅವ್ವಾ. ಒಂದೂ ತೆರೆಯಲ್ಲ."

ವೆಲ್ಡಿಂಗನ್ನು ಅಪ್ಪ ಕಲಿಸಿದ್ದ. ಆ ಕೆಲಸದಲ್ಲಿ ಮೈಲಾರಿಯ ಕೈ ಬಲು ಚುರುಕು. ಬೆಳಿಗ್ಗೆ ಎದ್ದವನೇ ಕಾರಿನ ಬಾಗಿಲುಗಳನ್ನು ಬೆಸೆದ. ಗ್ಯಾರೇಜಿನ ಶಟರ್ ಎಳೆದು ಅದನ್ನೂ ಬೆಸೆದ. ಕಾರು ಒಳಗೇ ಉಳಿಯಿತು. ಪಾತ್ರೆಯ ಕಬ್ಬಿಣದ ಬೀರು ಬೆಸೆದ. ಬಚ್ಚಲುಮನೆಯ ತಗಡಿನ ಬಾಗಿಲನ್ನೂ ಬೆಸೆದ. ಒಳಗೆ ಕೊಟ್ರಮ್ಮ ತಲೆಗೆ ಸೀಗೆಪುಡಿ ಹಚ್ಚಿಕೊಂಡು ಕೂತಿದ್ದಳು.

"ಲೋ ಮೈಲಾರೀ! ಬಾಗಿಲು ತೆಗೆಯೋ! ಕಣ್ಣು ಉರೀತಿದೆ!"

"ತೆಗೆಯೋ ಹಾಗಿಲ್ಲ ಅವ್ವಾ! ನಿಯಮ!"

ಶಾಲೆಯ ಮಕ್ಕಳನ್ನು ಇಳಿಸಿ ಬಂದ ಶಾಂಭವಿ ಗ್ಯಾಸ್ ಕಟರಿನಿಂದ ಮೊದಲು ತಾಯಿಯನ್ನು ಬಿಡಿಸಿದಳು, ಆಮೇಲೆ ಶಟರನ್ನು ಕತ್ತರಿಸಿದಳು. ಅಷ್ಟರಲ್ಲಿ ಶುಕ್ರವಾರ ಕಳೆದುಹೋಗಿತ್ತು.

"ನಿಯಮ ಇರೋದು ಕಾರಿಗೆ ಕಣೋ!" ಕೊಟ್ರಮ್ಮ ಕೆಂಪು ಕಣ್ಣು ಉಜ್ಜಿಕೊಳ್ಳುತ್ತ ಕೂಗಿದಳು. "ಏನು ಮಾಡಿದರೂ ಕಾರಿಗೆ ಮಾತ್ರ ಮಾಡು. ಕಾರು ಬಿಟ್ಟು ಆಚೆ ಕೈ ಹಾಕಿದೆಯೋ, ನೋಡು! ನಾಳೆ ಕೊನೆಯ ದಿನ. ಇನ್ನು ಉಳಿದಿರೋದು ಕಾರಿನ ಮೇಲೆ ಓಟದ ಅಂಕಿ ಬರೆಯೋದು ಒಂದೇ. ನಮ್ಮದು ಎಂಟು. ಬಯಲಿನ ಆ ತುದಿಗೂ ಕಾಣುವ ಹಾಗೆ ದೊಡ್ಡದಾಗಿ ಬರಿ."

"ಎಷ್ಟು ದೊಡ್ಡದಾಗಿ ಅವ್ವಾ?"

"ಎಷ್ಟು ದೊಡ್ಡದಾದರೂ ನಡೆಯುತ್ತೆ!"

ಶನಿವಾರ ಮಧ್ಯಾಹ್ನ ಇಟಗಿ ಸಾಹೇಬರ ಮುಂದೆ ಕಾರು ನಿಂತಿತು. ಬಾನೆಟ್ಟಿನಿಂದ ಡಿಕ್ಕಿಯವರೆಗೆ ಕಪ್ಪೋ ಕಪ್ಪು. ಕಾಗೆಯ ಹಾಗೆ ಹೊಳೆಯುತ್ತಿತ್ತು.

"ಬಾಗಿಲು ಸರಿ. ಬೆಲ್ಟು ಸರಿ. ಸೀಟು ಸರಿ. ಅಂಕಿ ಎಲ್ಲಯ್ಯಾ?"

"ಇದೇ ಸಾರ್ ಅಂಕಿ."

"ಯಾವುದು?"

"ನೀವು ನೋಡ್ತಿರೋದೆಲ್ಲ ಎಂಟರ ಹೊಟ್ಟೆಯ ಗೆರೆ ಸಾರ್. ಕಾರಿನಲ್ಲಿ ಇಷ್ಟೇ ಹಿಡಿಯಿತು. ಉಳಿದದ್ದು ಆಚೆ ಈಚೆ ಬರಬೇಕಿತ್ತು, ಅವ್ವ ಕಾರು ಬಿಟ್ಟು ಆಚೆ ಕೈ ಹಾಕಬೇಡ ಅಂದಳು."

ಇಟಗಿ ಸಾಹೇಬರು ಕಾರಿಗೆ ಎರಡು ಸುತ್ತು ಹಾಕಿ ಬಂದರು. ಸೂರ್ಯ ಇಳಿಯುತ್ತಿದ್ದ. ಅಷ್ಟರಲ್ಲಿ ಖಾಲಿ ವ್ಯಾನು ಧೂಳೆಬ್ಬಿಸುತ್ತ ಬಂದು ನಿಂತಿತು. ಶಾಂಭವಿ ಜಿಗಿದಳು. ಬಿಳಿ ಬಣ್ಣದ ಡಬ್ಬ ಹಿಡಿದು, ಎರಡು ಬಾಗಿಲಿಗೂ ಚಾವಣಿಗೂ ಎಂಟು ಬರೆದಳು. ಕಪ್ಪಿನ ಮೇಲೆ ಬಿಳಿ ಎದ್ದು ಕಂಡಿತು.

"ಇಷ್ಟು ಸ್ಪಷ್ಟವಾದ ಅಂಕಿ ಈ ವರ್ಷ ಇನ್ನೊಂದಿಲ್ಲ. ಪಾಸು!" ಎಂದರು ಸಾಹೇಬರು. "ಇನ್ನೊಂದು ಮಾತು. ಓಟ ಮುಗಿದ ಮೇಲೆ ಮತ್ತೊಮ್ಮೆ ತಪಾಸಣೆ. ಓಟ ಮುಗಿಸಿ ಕಾರು ನಿಂತಾಗಿನಿಂದ ಆ ತಪಾಸಣೆಯವರೆಗೆ ನನ್ನನ್ನು ಬಿಟ್ಟು ಯಾರೂ ಕಾರನ್ನು ಮುಟ್ಟಬಾರದು. ಮುಟ್ಟಿದರೆ ಕಾರು ಹೊರಗೆ."

ಭಾನುವಾರ ಓಟ ನಡೆಯಿತು. ಅಬ್ಬಬ್ಬಾ, ಏನು ಧೂಳು, ಏನು ಸದ್ದು! ಗಾಣದೆಣ್ಣೆ ಅಂಗಡಿ ರುದ್ರೇಶಿಯ ಕಾರು ಮೊದಲು ಬಂತು. ಕೂದಲೆಳೆಯಷ್ಟು ಹಿಂದೆ ಶಾಂಭವಿ. ರುದ್ರೇಶಿಯ ಕಡೆಯವರು ಓಡಿಬಂದು ಕಾರಿಗೆ ಹೂವಿನ ಹಾರ ಹಾಕಿದರು, ಬಾನೆಟ್ಟಿಗೆ ಕುಂಕುಮ ಹಚ್ಚಿದರು, ಚಕ್ರದಡಿ ನಿಂಬೆಹಣ್ಣಿಟ್ಟರು, ತೆಂಗಿನಕಾಯಿ ಒಡೆದರು.

ಕೊಟ್ರಮ್ಮನೂ ಆರತಿ ತಟ್ಟೆ ಹಿಡಿದು ಮಗಳ ಕಾರಿನತ್ತ ಓಡಿದಳು. ಮೈಲಾರಿ ಎರಡೂ ಕೈ ಚಾಚಿ ಅಡ್ಡ ನಿಂತ.

"ಮುಟ್ಟಬೇಡ!"

"ನಾನು ನಿನ್ನ ಹೆತ್ತವಳು ಕಣೋ!"

"ಹೆತ್ತವರೂ ಮುಟ್ಟಬಾರದು!"

"ನಾನಾದರೂ ಇಳೀತೀನಿ ಅಣ್ಣಾ, ಒಳಗೆ ಬೇಯ್ತಿದ್ದೀನಿ" ಎಂದಳು ಶಾಂಭವಿ.

"ಇಳೀಬೇಕಾದರೆ ಕಾರು ಮುಟ್ಟಬೇಕು. ಹಾಗೇ ಕೂತಿರು!"

ನೆರೆದವರೆಲ್ಲ ಬಿದ್ದು ಬಿದ್ದು ನಕ್ಕರು. ಕೊಟ್ರಮ್ಮನಿಗೆ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ಆಗ ಇಟಗಿ ಸಾಹೇಬರು ಬಂದರು. ಹಾರ ನೋಡಿದರು, ಕುಂಕುಮ ನೋಡಿದರು, ಬಗ್ಗಿ ನಿಂಬೆಹಣ್ಣೂ ನೋಡಿದರು.

"ಈ ಕಾರು ಹೊರಗೆ! ಯಾರೂ ಮುಟ್ಟದ ಕಾರು ಒಂದೇ ಒಂದಿದೆ. ತಪಾಸಣೆಯಲ್ಲಿ ಸರಿಯಿದ್ದರೆ ಅದೇ ಮೊದಲು."

ಸಾಹೇಬರ ಅಪ್ಪಣೆಯ ಮೇಲೆ ಶಾಂಭವಿ ಕಿಟಕಿಯಿಂದ ಹೊರಗೆ ಬಂದಳು. ಇಬ್ಬರು ತಮ್ಮನ್ನು ಹಿಂದಿನಿಂದ ನೂಕಿದ ಮೇಲೆ ಇಟಗಿ ಸಾಹೇಬರು ಕಿಟಕಿಯಲ್ಲಿ ಒಳಗೆ ಇಳಿದರು. ಬೆಲ್ಟು ಹಾಕಿ ಎಳೆದು ನೋಡಿದರು.

"ಎಲ್ಲ ಸರಿ! ಎಂಟನೇ ಕಾರು ಮೊದಲು!"

ಜನ ಶಾಂಭವಿಯನ್ನು ಹೆಗಲ ಮೇಲೆ ಎತ್ತಿಕೊಂಡು ಬಹುಮಾನದ ವೇದಿಕೆಗೆ ಓಡಿದರು. ಕೊಟ್ರಮ್ಮ ಮಗನ ನೆಟಿಗೆ ಮುರಿದಳು. ಆಯುಷ್ಯದಲ್ಲಿ ಮೊದಲ ಸಲ!

"ನನ್ನ ಬಂಗಾರ! ಮುಂದೆ ಹೋಗಿ ಹೋಳಿಗೆ ಮಾಡಿರ್ತೀನಿ. ಕಾರು ಈಗ ಹೇಗಿದೆಯೋ ಹಾಗೇ ಮನೆಗೆ ತಾ. ದಾರಿಯಲ್ಲಿ ಹಿಂದೆ ಮುಂದೆ ನೋಡ್ತಾ ಕೂರಬೇಡ."

"ಹೇಗಿದೆಯೋ ಹಾಗೇ ತರ್ತೀನಿ ಅವ್ವಾ."

ತಂದ. ಟ್ರ್ಯಾಕ್ಟರಿನ ಸದ್ದಿನಲ್ಲಿ ಯಾರ ಕೂಗೂ ಕೇಳಲಿಲ್ಲ, ಅವನು ತಿರುಗಿಯೂ ನೋಡಲಿಲ್ಲ. ಕೊಟ್ರಮ್ಮ ಹೊರಗೆ ಬಂದು ನೋಡುತ್ತಾಳೆ, ಕಾರಿನೊಳಗೆ ಬೆಲ್ಟು ಬಿಗಿದುಕೊಂಡು ಇಟಗಿ ಸಾಹೇಬರು!

"ಅಯ್ಯೋ ಸಾಹೇಬರೇ!"

"ನನ್ನ ಹೊರಗೆಳೆಯಲು ಇಬ್ಬರು ಗಂಡಾಳು ಬೇಕಮ್ಮಾ" ಎಂದರು ಸಾಹೇಬರು. ಆಮೇಲೆ ಮೂಗರಳಿಸಿದರು. "ಅದೇನು, ಹೋಳಿಗೆಯಾ?"

ಕೊಟ್ರಮ್ಮ ಕಿಟಕಿಯಿಂದಲೇ ಎಲೆ ಕೊಟ್ಟಳು, ಹೋಳಿಗೆ ಬಡಿಸಿದಳು. ಸಾಹೇಬರು ಮತ್ತೆ ತುಪ್ಪ ಕೇಳಿ ಹಾಕಿಸಿಕೊಂಡು, ಬೆಲ್ಟು ಸಡಿಲಿಸಿಕೊಂಡು ಉಂಡರು. ಉಂಡು ತೇಗಿದ ಮೇಲೆ ಕೊಟ್ರಮ್ಮ ಮಗನನ್ನು ಕರೆದಳು.

"ಲೋ, ಸಾಹೇಬರನ್ನು ಎಲ್ಲಿಂದ ತಂದೆಯೋ ಅಲ್ಲಿಗೇ ಮರ್ಯಾದೆಯಿಂದ ಬಿಟ್ಟು ಬಾ."

"ಬಿಟ್ಟು ಬರ್ತೀನಿ ಅವ್ವಾ."

ಸಾಹೇಬರ ಮನೆ ಪಕ್ಕದ ಬೀದಿಯಲ್ಲೇ. ಮೈಲಾರಿ ಆ ಬೀದಿಯನ್ನು ದಾಟಿದ, ಊರನ್ನು ದಾಟಿದ, ಬಯಲಿಗೆ ಹೋದ. ಜನರೆಲ್ಲ ಹೊರಟುಹೋಗಿದ್ದರು. ಹಗ್ಗ ಬಿಚ್ಚಿ, ಕಾರನ್ನು ಮೊದಲು ನಿಂತಿದ್ದ ಗೆರೆಗೇ ಸರಿಯಾಗಿ ನಿಲ್ಲಿಸಿ, ಒಳಗಿದ್ದ ಸಾಹೇಬರಿಗೆ ಕೈಮುಗಿದು, ಸಿಳ್ಳೆ ಹಾಕುತ್ತ ಟ್ರ್ಯಾಕ್ಟರ್ ಏರಿ ಮನೆಗೆ ಬಂದು ಹೋಳಿಗೆಗೆ ಕೂತ.